ನರ್ಸಬಾಯಿ ಮತ್ತು ಜಿಗಿಯುವ ಮುಳ್ಳು

ಮಧ್ಯಾಹ್ನ ಎರಡು ಗಂಟೆಗೆ ಕಲ್ಲಿನ ಖಣಿಯಲ್ಲಿ ಸಿಡಿಮದ್ದು ಹಾರಬೇಕಿತ್ತು, ಹಾರಲಿಲ್ಲ. ಕೆಟ್ಟದ್ದು ಶುರುವಾದದ್ದು ಅಲ್ಲಿಂದ. ನರ್ಸಬಾಯಿಯ ಬಲಗೈ ತಿರುಗುವ ರೆಕಾರ್ಡಿನ ಮೇಲೆ, ಮುಟ್ಟಿಯೂ ಮುಟ್ಟದಂತೆ, ಹಾಗೇ ನಿಂತಿತ್ತು. ಸ್ಪಿರಿಟ್ ಹಚ್ಚಿ ಹಚ್ಚಿ ಬಿರಿದ ಬೆರಳುಗಳು, ಬುಡಕ್ಕೆ ಕತ್ತರಿಸಿದ ಉಗುರು, ಕೆಲಸಕ್ಕೆ ಅಡ್ಡ ಬಾರದಂತೆ ಮೇಲಕ್ಕೆ ಸರಿಸಿದ ಹಸಿರು ಬಳೆ. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಕೈ.

ಅವರು ಶಹಾಬಾದಿನ ದವಾಖಾನೆಯಲ್ಲಿ ನರ್ಸು. ಊರಿಗೆಲ್ಲ ನರ್ಸಬಾಯಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮದುವೆಯಾಗಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಕೆಣಕುತ್ತಿದ್ದರು: "ಒಬ್ಬಾಕಿನೇ ಹೆಂಗಿರ್ತೀರಿ ಬಾಯಾರ?"

"ಒಬ್ಬಾಕಿ ಎಲ್ಲದೀನಿ? ನನ್ನಾಂವ ಚಾವಿ ಕೊಟ್ರ ಹಾಡ್ತಾನ, ಕೈ ಇಟ್ರ ಸುಮ್ಮನಾಗ್ತಾನ. ನಿಮ್ಮಾಂವ?"

ಆ 'ನನ್ನಾಂವ' ಎಂದರೆ ಚಾವಿ ಕೊಡುವ ಗ್ರಾಮಫೋನು. ಸೇಡಂನಲ್ಲಿ ಮುರಿದುಬಿದ್ದ ಒಂದು ನಾಟಕ ಕಂಪನಿಯವರು ಸಾಮಾನು ಮಾರಿದಾಗ ತಂದದ್ದು. ತಂದ ದಿನವೇ ಅದರ ಜೊತೆಗಿದ್ದ ರೆಕಾರ್ಡೊಂದನ್ನು ದವಾಖಾನೆಯ ರೂಢಿಯಂತೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದರು. ಆ ಕಾಲದ ರೆಕಾರ್ಡು ಅರಗಿನದು; ಹೊಳಪೆಲ್ಲ ಕರಗಿ ಹತ್ತಿಗೆ ಬಂತು. ಅದನ್ನು ಎಸೆಯದೆ ಗೋಡೆಗೆ ತೂಗುಹಾಕಿದರು. "ನನ್ನ ಕೈಯಾಗ ಸತ್ತದ್ದು ಇದೊಂದೇ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಓಣಿಗೆ ಕರೆಂಟು ಬಂದ ಮೇಲೆ ರೇಡಿಯೋಗೆ ಜೋಡಿಸುವ ಪ್ಲೇಯರು ಬಂತು. ಕೆಲವು ವರ್ಷಕ್ಕೆ ವಾಡಿಯಲ್ಲಿ ಗಾಡಿ ಬದಲಿಸಿ ಹೈದರಾಬಾದಿಗೆ ಹೋಗಿ, ದೊಡ್ಡ ರೆಕಾರ್ಡು ಹಾಡುವ ಮತ್ತೊಂದನ್ನು ತೊಡೆಯ ಮೇಲೆ ಇಟ್ಟುಕೊಂಡೇ ತಂದರು. ಆಮೇಲೆ ಬೇರೆ ಆಂಪ್ಲಿಫೈಯರು, ಬೇರೆ ಡಬ್ಬಿಯ ಸ್ಪೀಕರು, ಕೊನೆಗೆ ಕಡ್ಡಿಯಂಥ ಹಗುರ ಕೈಯ ಒಂದು ಪ್ಲೇಯರು. ಅದರ ಮುಳ್ಳು ರೆಕಾರ್ಡನ್ನು ಒತ್ತುತ್ತಿರಲಿಲ್ಲ, ಬರೀ ಸೋಕುತ್ತಿತ್ತು. ಮೊದಲ ದಿನ ನನ್ನನ್ನು ಕರೆದು ಕೂರಿಸಿದರು. ಹಳೆಯ ಡಬ್ಬಿಯಲ್ಲಿ ಬರೀ ದನಿ ಕೇಳಿದ್ದೆ. ಇದರಲ್ಲಿ ಹಾಡುವವರು ಉಸಿರು ತೆಗೆದುಕೊಳ್ಳುವುದು ಕೇಳಿತು.

ತೊಂದರೆಯೂ ಅದರಿಂದಲೇ. ನಮ್ಮ ಮನೆಗಳ ಹಿಂದೆ ಸುಣ್ಣದ ಭಟ್ಟಿಗೆ ಕಲ್ಲು ತೆಗೆಯುವ ಒಂದು ಖಣಿ ಇತ್ತು. ಅದು ವರ್ಷವರ್ಷವೂ ನಮ್ಮ ಕಡೆಗೆ ಸರಿಯುತ್ತಿತ್ತು. ದಿನಾ ಎರಡಕ್ಕೆ ಮದ್ದು ಹಾರಿದರೆ ಮುಳ್ಳು ಜಿಗಿದು ರೆಕಾರ್ಡಿನ ಮೇಲೆ ಗೀರು ಎಳೆಯುತ್ತಿತ್ತು. ಅಲುಗದಿರಲಿ ಎಂದು ಬಾಯಿ ಪ್ಲೇಯರಿನ ಕೆಳಗೆ ನಮ್ಮೂರ ಹಾಸುಗಲ್ಲಾದ ದಪ್ಪ ಫರ್ಸಿಕಲ್ಲನ್ನು ಹಾಕಿಸಿದರು. ಇನ್ನೂ ಹೆಚ್ಚು ಜಿಗಿಯಿತು. ಖಣಿಯಲ್ಲಿ ಸಿಡಿಯುವ ಬಂಡೆಯೇ ನಮ್ಮ ನೆಲದಡಿಯೂ ಹಾಸಿತ್ತಲ್ಲ. ಆಗ ಬಾಯಿ ತೊಲೆಗೆ ನಾಲ್ಕು ಹಗ್ಗ ಬಿಗಿದು, ಹಲಗೆ ಕಟ್ಟಿ, ಪ್ಲೇಯರನ್ನು ತೊಟ್ಟಿಲಿನಂತೆ ತೂಗುಬಿಟ್ಟರು. ಜಿಗಿತ ನಿಂತಿತು. ಓಣಿಯೆಲ್ಲ ನೋಡಲು ಬಂತು.

"ಹೆಸರೇನ ಇಟ್ರಿ ಬಾಯಾರ ಕೂಸಿಗೆ?"

"ಮೊದಲ ನೀವು ಮಾಳಗಿ ನೋಡ್ಕೊಳ್ರಿ" ಎಂದರು ಬಾಯಿ. "ನನ್ನ ಮುಳ್ಳ ಜಿಗಿಯೂದ ನಿಂತಿರಬಹುದು. ನೆಲ ನಡಗೂದ ನಿಂತಿಲ್ಲ."

ನಮ್ಮ ಕಡೆ ಮನೆಯ ಚಾವಣಿಗೆ ಮಾಳಿಗೆ ಎನ್ನುತ್ತಾರೆ, ಅದಕ್ಕೂ ಫರ್ಸಿಯನ್ನೇ ಹೊದಿಸುತ್ತಾರೆ. ಒಂದೊಂದು ಕಲ್ಲು ಇಬ್ಬರು ಗಂಡಸರು ಎತ್ತುವಷ್ಟು ಭಾರ. ಓಣಿಯ ಎಲ್ಲ ಮಾಳಿಗೆಗಳಲ್ಲೂ ಬಿರುಕು ಬಿಟ್ಟಿತ್ತು. ಬಾಯಿ ಖಣಿ ಮಾಲೀಕನ ಮನೆಗೆ ಹೋದರು. ಜೊತೆಗೆ ನಾನೂ ಇದ್ದೆ. ಆತ ನಕ್ಕ.

"ಹಾಡ ಸ್ವಲ್ಪ ಸಣ್ಣಗ ಹಚ್ಕೊಳ್ರಿ ಬಾಯಾರ, ಮುಳ್ಳ ಜಿಗಿಯೂದಿಲ್ಲ."

"ನೀವು ಮದ್ದ ಸಣ್ಣಗ ಹಚ್ರಿ. ನಾ ಹಾಡೇ ಬಂದ್ ಮಾಡ್ತೀನಿ."

ನನ್ನ ಅಪ್ಪನೂ ಬುದ್ಧಿ ಹೇಳಿದರು: "ಹಳೇ ಡಬ್ಬೀನೇ ಛಲೋ ಇತ್ತಲ್ರಿ. ಭೂಮಿ ನಡಗಿದ್ರೂ ಹಾಡ್ತಿತ್ತು."

"ಅದು ಕಿವುಡ ಇತ್ರಿ, ಅದಕ್ಕ ಹಾಡ್ತಿತ್ತು. ನಾವೂ ಹಂಗ ಆಗೂನೇನು?"

ಅರ್ಜಿ ಕೊಟ್ಟು ಕೊಟ್ಟು, ಕೊನೆಗೂ ಜಿಲ್ಲೆಯಿಂದ ಒಬ್ಬ ಸಾಹೇಬರು ಖಣಿ ನೋಡಲು ಬಂದರು. ನಾನಾಗ ಬಿ.ಎ. ಮುಗಿಸಿ ಮನೆಯಲ್ಲಿದ್ದೆ; ಅವತ್ತು ಬಾಯಿಯ ಕೋಣೆಯಲ್ಲಿ ನಾನೂ ಕೂತಿದ್ದೆ. ಬಾಯಿ ಸಾಹೇಬರನ್ನು ಮನೆಗೆ ಕರೆತಂದು, ಪ್ಲೇಯರನ್ನು ಹಗ್ಗದಿಂದ ಇಳಿಸಿ ಮತ್ತೆ ಫರ್ಸಿಯ ಮೇಲೆ ಇಟ್ಟರು. ನಮ್ಮ ಮಾತು ನಂಬದವರು ಮುಳ್ಳನ್ನಾದರೂ ನಂಬಲಿ ಎಂದು. ಎರಡಾಯಿತು. ಮುಳ್ಳು ಜಿಗಿಯುವುದನ್ನು ಕಾಯುತ್ತ ಬಾಯಿ ರೆಕಾರ್ಡಿನ ಮೇಲೆ ಕೈ ಹಿಡಿದಿದ್ದರು. ಮದ್ದು ಹಾರಲಿಲ್ಲ. ಸಾಹೇಬರು ಹೋಗುವವರೆಗೆ ಹಾರಿಸಬೇಡಿ ಎಂದು ಮಾಲೀಕ ಹೇಳಿ ಕಳಿಸಿದ್ದ.

ಆದರೆ ಬೆಳಿಗ್ಗೆ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದ ಖಣಿಯ ಕೂಲಿಯೊಬ್ಬ, ಅವತ್ತಿನ ಕುಳಿಗಳಿಗೆ ಮದ್ದು ತುಂಬಿ ಆಗಿದೆ ಎಂದು ಬಾಯಿಗೆ ಹೇಳಿದ್ದ. ತುಂಬಿದ ಕುಳಿಯನ್ನು ರಾತ್ರಿ ಹಾಗೇ ಬಿಡುವಂತಿಲ್ಲ. ಕತ್ತಲಾಗುವುದರೊಳಗೆ ಹಾರಿಸಲೇಬೇಕು. ಅಲ್ಲಿಯವರೆಗೆ ಸಾಹೇಬರನ್ನು ಹಿಡಿದಿಟ್ಟರೆ ಸಾಕು.

"ಇನ್ನೊಂದ ಬಾಜೂ ಕೇಳ್ರಿ ಸಾಹೇಬ್ರ. ಕುಂದ್ರಿ. ಸುಸಲಾ ಮಾಡೀನಿ."

ಸಾಹೇಬರು ಸಂಗೀತ ಬಲ್ಲವರೇನಲ್ಲ, ಆದರೆ ಸುಸಲಾ ಬಲ್ಲವರು. ಒಗ್ಗರಣೆ ಹಾಕಿದ ಮಂಡಕ್ಕಿ ಎರಡು ತಟ್ಟೆ ತಿಂದರು. ರೆಕಾರ್ಡು ತಿರುವಿದಂತೆಲ್ಲ ಚಹಾ ಬಂತು. ಒಮ್ಮೆ ಎದ್ದು ನಿಂತು, "ಬಾಯಾರ, ನಾ ಖಣಿ ನೋಡಾಕ ಬಂದೀನಿ, ಹಾಡಿನ ಕಚೇರಿಗಿ ಬಂದಿಲ್ಲ" ಎಂದರು.

"ಖಣೀನೇ ತೋರಿಸಾಕತ್ತೀನ್ರಿ. ಸ್ವಲ್ಪ ತಡೀರಿ, ಅದೇ ಇಲ್ಲಿಗಿ ಬರ್ತದ."

ಬಿಸಿಲು ಕೆಂಪಾಯಿತು. ಪೂರಿಯಾ ರಾಗ ವಿಲಂಬಿತದಲ್ಲಿ ನಡೆದಿತ್ತು. ದಿನಾ ಮದ್ದಿಗೆ ಮುಂಚೆ ಸೀಟಿ ಊದುತ್ತಿದ್ದರು, ನಾವು ಅಂಗಳಕ್ಕೆ ಬರುತ್ತಿದ್ದೆವು. ಅವತ್ತು ಸಾಹೇಬರಿಗೆ ತಿಳಿಯದಿರಲಿ ಎಂದು ಸೀಟಿ ಊದಲಿಲ್ಲ. ಕತ್ತಲಾಗುತ್ತದೆಂಬ ಅವಸರಕ್ಕೆ ಎಲ್ಲ ಕುಳಿಗಳನ್ನೂ ಒಟ್ಟಿಗೆ ಹಾರಿಸಿದರು.

ಮೊದಲು ತಿಳಿದದ್ದು ಮುಳ್ಳಿಗೆ. ಅದು ಕಿರುಚಿಕೊಂಡು ರೆಕಾರ್ಡಿನ ಈ ಅಂಚಿನಿಂದ ಆ ಅಂಚಿಗೆ ಹಾರಿತು. ಅದೇ ಗಳಿಗೆಯಲ್ಲಿ ನನ್ನ ಜಡೆ ಹಿಡಿದು ಯಾರೋ ಎಳೆದರು. ಕಣ್ಣಿಗೆ ಬರೀ ಧೂಳು. ಧೂಳು ಇಳಿದಾಗ ನಾನು ಕೂತಿದ್ದ ಚಾಪೆಯ ಮೇಲೆ ಮಾಳಿಗೆಯ ಕಲ್ಲು ಬಿದ್ದಿತ್ತು, ಪ್ಲೇಯರು ಅದರ ಕೆಳಗೆ. ಮೇಲೆ ಆಕಾಶ ಕಾಣುತ್ತಿತ್ತು. ನನ್ನ ಜಡೆ ಇನ್ನೂ ಬಾಯಿಯ ಮುಷ್ಟಿಯಲ್ಲಿತ್ತು. ಬಾಗಿಲ ಹತ್ತಿರ ಸಾಹೇಬರು ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ನಡುಗುತ್ತಿದ್ದರು.

ಬಾಯಿ ಅವರ ನಾಡಿ ಹಿಡಿದು ನೋಡಿದರು. ಆಮೇಲೆ, "ಈಗ ಬರೀರಿ" ಎಂದರು.

ಸಾಹೇಬರು ನಮ್ಮ ಕಟ್ಟೆಯ ಮೇಲೆ ಕೂತು ಅವತ್ತೇ ಬರೆದರು. ಖಣಿಯ ಆ ಬದಿ ಮುಚ್ಚಿತು. ಮತ್ತೆ ತೆರೆಯಲಿಲ್ಲ.

ನರ್ಸಬಾಯಿ ತಮ್ಮ ಹಟಕ್ಕೆ ನನ್ನನ್ನು ಅಪಾಯಕ್ಕೆ ಒಡ್ಡಿದರು ಎನ್ನುವವರು ಈಗಲೂ ಇದ್ದಾರೆ. ಅವರಿಗೆ ನನ್ನದು ಒಂದೇ ಮಾತು. ನಾವು ದಿನಾ ಆ ಕಲ್ಲಿನ ಕೆಳಗೇ ಇದ್ದೆವು. ಅವತ್ತು ನಮ್ಮ ಜೊತೆ ಒಬ್ಬ ಸಾಹೇಬರೂ ಇದ್ದರು, ಅಷ್ಟೇ.

ಬಾಯಿ ಮಾಳಿಗೆಗೆ ಮತ್ತೆ ಫರ್ಸಿಯನ್ನೇ ಹಾಕಿಸಿದರು. ತಗಡು ಹಾಕಿಸಿರೆಂದವರಿಗೆ, "ಕಲ್ಲೇನ ತಪ್ಪ ಮಾಡೇದ?" ಎಂದು ಕೇಳಿದರು. ಪ್ಲೇಯರಿಗೆ ಮತ್ತೆ ಮೊದಲಿನಿಂದ ಶುರು: ಯಾರೋ ಬಿಟ್ಟ ಹಳೆಯದೊಂದು, ಆಮೇಲೆ ಅದಕ್ಕಿಂತ ಒಳ್ಳೆಯದು, ಆಮೇಲೆ ಹೊಸ ಮುಳ್ಳು. ಕಾಲ ಕ್ಯಾಸೆಟ್ಟಿಗೆ ತಿರುಗಿದಾಗ ಜನ ರೆಕಾರ್ಡುಗಳನ್ನು ರದ್ದಿಗೆ ಹಾಕುತ್ತಿದ್ದರು; ಅವರು ಆರಿಸಿ ತರುತ್ತಿದ್ದರು.

ಆಮೇಲೆ ನಾನು ವರ್ಷಗಟ್ಟಲೆ ಆ ಕೋಣೆಯೊಳಗೆ ಹೋಗಲಿಲ್ಲ. ಹೊಸ್ತಿಲ ಆಚೆ ಕೂತೇ ಕೇಳುತ್ತಿದ್ದೆ. ಚಿತ್ತಾಪುರದಲ್ಲಿ ನೌಕರಿಗೆ ಸೇರಿದ ಮೇಲೂ ಲಾರಿ ಸದ್ದಿಗೆ ಹಾಸಿಗೆಯಿಂದ ಎದ್ದು ಓಡುತ್ತಿದ್ದೆ. ಬಾಯಿ ಒಮ್ಮೆಯೂ ಗೇಲಿ ಮಾಡಲಿಲ್ಲ. "ಹೆದರಿಕಿ ಅಂದ್ರ ಜ್ವರ ಇದ್ದಂಗ ತಂಗಿ. ಬೈದ್ರ ಇಳಿಯೂದಿಲ್ಲ."

ಅವರು ಹಾಸಿಗೆ ಹಿಡಿದದ್ದು ಅದೇ ಕೋಣೆಯಲ್ಲಿ. ನೋಡಿಕೊಳ್ಳುವವರು ಬೇಕಿತ್ತು, ರಜೆ ಹಾಕಿ ಹೋದೆ. ಮಂಚದ ಪಕ್ಕ ಚಾಪೆ ಹಾಸಿಕೊಂಡು ಮೇಲೆ ನೋಡುತ್ತ ಮಲಗುತ್ತಿದ್ದೆ, ನಿದ್ದೆ ಹತ್ತುತ್ತಿರಲಿಲ್ಲ. ಒಂದು ಸಂಜೆ ಅವರು ಕ್ಷೀಣ ದನಿಯಲ್ಲಿ ಕೇಳಿದರು:

"ಏನ ನೋಡಾಕತ್ತಿ?"

"ಮಾಳಗಿ."

"ಮಾಳಗಿ ನಾ ನೋಡ್ತೀನಿ. ನೀ ಮಲ್ಕೋ."

ಮಲಗಿದೆ. ಎಚ್ಚರವಾದಾಗ ಬೆಳಗಿನ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಬಾಯಿ ಹೋಗಿದ್ದರು. ಕಣ್ಣು ತೆರೆದೇ ಇದ್ದವು, ಮೇಲಕ್ಕೆ.

ಮಣ್ಣು ಮಾಡಿ ಬಂದ ಮೇಲೆ ಅವರ ಅಣ್ಣನ ಹೆಂಡತಿ ನಾಲ್ಕು ಜನರ ಎದುರಿಗೆ ನನ್ನನ್ನು ಕೇಳಿದಳು: "ಆಕಿ ಜೀವ ಹೋಗೂವಾಗ ನೀ ಬಾಜೂಕ ಮಲಗಿದ್ದಿಯಂತ, ಖರೆ ಏನು?"

ನಾನು ತಲೆ ತಗ್ಗಿಸಲಿಲ್ಲ. "ಖರೆ" ಎಂದೆ. "ಬೆಳಗಾಗೂತನಕ ಒಮ್ಮೆಯೂ ಏಳದಂಗ ಮಲಗಿದ್ದೆ."