ನನ್ನ ಒಳ್ಳೆಯದಕ್ಕೇ ಕೊಟ್ಟ ಕೆಲಸ

ಊರಿಗೆಲ್ಲ ಬುದ್ಧಿ ಹೇಳುವ ನರ್ಸುಗಳಿಗೆ ತಮ್ಮ ಮೈ ನೊಂದಾಗ ಮಾತ್ರ ಡಾಕ್ಟರೂ ಬೇಡ, ಚೀಟಿಯೂ ಬೇಡ. ಚೆನ್ನೈನ ನಮ್ಮ ಆಸ್ಪತ್ರೆಯ ಐಸಿಯುನಲ್ಲಿ ಯಾರಿಗಾದರೂ ಸೊಂಟ ಹಿಡಿದುಕೊಂಡರೆ, ಡ್ಯೂಟಿ ರೂಮಿನ ಪರದೆ ಎಳೆದು ನೋವಿನ ಇಂಜೆಕ್ಷನ್ ಚುಚ್ಚಿಕೊಂಡು ಮತ್ತೆ ಓಡುವುದೇ ವಾಡಿಕೆ. ರೋಗಿ ಹೀಗೆ ಮಾಡಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆವು.

ನನಗೆ ಬೈಪೋಲಾರ್ ಇದೆ. ಒಂದಷ್ಟು ಕಾಲ ನಿದ್ದೆಯೇ ಬೇಡವೆನಿಸುವ ಉಬ್ಬರ, ಆಮೇಲೆ ಹಾಸಿಗೆ ಬಿಟ್ಟು ಏಳಲಾಗದ ಇಳಿತ. ಲಿಥಿಯಂ ಮಾತ್ರೆ ನುಂಗಿ, ಹೊತ್ತಿಗೆ ಸರಿಯಾಗಿ ಮಲಗಿ, ವರ್ಷಗಳಿಂದ ನೆಟ್ಟಗಿದ್ದೇನೆ. ಆಸ್ಪತ್ರೆಯಲ್ಲಿ ಇದನ್ನು ಯಾರಿಗೂ ಹೇಳದೆ, ಅಮ್ಮನ ಕಾಯಿಲೆಯ ನೆಪ ಹೇಳಿ ನೈಟ್ ಡ್ಯೂಟಿ ತಪ್ಪಿಸಿಕೊಳ್ಳುತ್ತಿದ್ದೆ. ಬದಲಿಗೆ ಎಲ್ಲರ ಭಾನುವಾರ, ಪೊಂಗಲ್, ದೀಪಾವಳಿ ನನ್ನ ತಲೆಗೆ.

ಭಾರದ ರೋಗಿಯೊಬ್ಬರನ್ನು ಮಗ್ಗುಲು ತಿರುಗಿಸುವಾಗ ಸೊಂಟ ಛಳಕ್ಕೆಂದಿತು. ಜೊತೆಯವಳು ಸಿರಿಂಜ್ ತುಂಬಿಕೊಂಡು ಬಂದೇಬಿಟ್ಟಳು. ಆ ನೋವಿನ ಔಷಧಿ ಸೇರಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಬೇಡವೆಂದೆ.

"ಏಂಡಿ, ಊಸಿನ್ನಾ ಭಯಮಾ?" ಸೂಜಿಗೆ ಹೆದರುವ ನರ್ಸು ಎಂದು ಎಲ್ಲರೂ ನಕ್ಕರು. ನೋವಿನಲ್ಲಿ ನನಗೆ ಹೊಸ ಸುಳ್ಳು ಹೊಳೆಯಲಿಲ್ಲ. ನಿಜ ಹೇಳಿದೆ. ಟೀ ಬರುವಷ್ಟರಲ್ಲಿ ಮಹಡಿಗೆಲ್ಲ ಗೊತ್ತಾಗಿತ್ತು.

ನರ್ಸಿಂಗ್ ಸೂಪರಿಂಟೆಂಡೆಂಟ್ ಕರೆಸಿದರು. ಅವರದು ಅಜ್ಜನ ಕಾಲದಿಂದ ಚೆನ್ನೈನಲ್ಲೇ ನೆಲೆಸಿದ ಕನ್ನಡದ ಮನೆತನ. ಬೈಯುವುದಕ್ಕೆ ಮತ್ತು ಗುಟ್ಟಿಗೆ ಮಾತ್ರ ಅವರಿಗೆ ಕನ್ನಡ ನೆನಪಾಗುತ್ತಿತ್ತು. ಹಿಂದಿನ ತಿಂಗಳಷ್ಟೇ ನಮ್ಮೆಲ್ಲರ ಎದೆಗೆ ಹಸಿರು ರಿಬ್ಬನ್ ಚುಚ್ಚಿ, ಮನಸ್ಸಿನ ಕಾಯಿಲೆಯ ಬಗ್ಗೆ ನಾಚಿಕೆ ಬೇಡ, ಬಾಯಿಬಿಟ್ಟು ಹೇಳಿ ಎಂದು ಮೈಕಿನಲ್ಲಿ ಗದ್ಗದರಾಗಿದ್ದ ಪುಣ್ಯಾತ್ಮರು ಇವರೇ.

"ಟೆನ್ಶನ್ ಆಗ್ಬೇಡಮ್ಮಾ. ಕೊಂಜ ದಿನ ಸ್ಟೆರೈಲ್ ರೂಮಲ್ಲಿರು. ಎಲ್ಲಾ ನಿನ್ ಒಳ್ಳೇದಕ್ಕೇ ತಾನೆ?"

ಸ್ಟೆರೈಲ್ ರೂಮೆಂದರೆ ನೆಲಮಾಳಿಗೆ. ಕತ್ತರಿ, ಚಿಮಟ ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಹಬೆ ಯಂತ್ರಕ್ಕೆ ಹಾಕುವ ಕೆಲಸ. ನನ್ನಿಂದ ಕತ್ತರಿಗಳಿಗೆ ಅಪಾಯವಿಲ್ಲ ಎಂಬುದು ಅವರ ವೈದ್ಯಶಾಸ್ತ್ರ. ಕೋಪ ಬಂದರೆ ಟ್ರೇ ಎಸೆಯುವ ಸರ್ಜನ್, ಆಯಾಗಳನ್ನು ಅಳಿಸದೆ ಕಾಫಿ ಕುಡಿಯದ ಇನ್‌ಚಾರ್ಜ್ ಸಿಸ್ಟರ್, ಇವರೆಲ್ಲ ಮಾತ್ರೆ ನುಂಗುವುದಿಲ್ಲವಾದ್ದರಿಂದ ಸ್ವಸ್ಥರು. ಅವರನ್ನು ಯಾರೂ ಕೆಳಗಿಳಿಸಲಿಲ್ಲ.

ನನಗೆ ಐಸಿಯು ವಾಪಸ್ ಬೇಕಿತ್ತು. ಗಂಟಲ ಕೊಳವೆ ತೆಗೆದ ಮೇಲೆ ಗೊಗ್ಗರು ದನಿಯಲ್ಲಿ ಮೊದಲು ಕಾಫಿ ಕೇಳುವ ರೋಗಿಗಳಿರುತ್ತಾರೆ. ಆ ದನಿ ಕೇಳಲೆಂದೇ ನಾನು ಈ ಕೆಲಸದಲ್ಲಿದ್ದೆ. ಕೆಳಗೆ ಹಬೆಯ ಸದ್ದು ಬಿಟ್ಟರೆ ಬೇರೇನಿರಲಿಲ್ಲ.

ಕೆಲವು ತಿಂಗಳಲ್ಲಿ ಐಸಿಯುನ ಇಬ್ಬರು ಹುಡುಗಿಯರು ದುಬೈಗೆ ಹೊರಟರು. ಸೂಪರಿಂಟೆಂಡೆಂಟ್ ತಾವೇ ಮೆಟ್ಟಿಲಿಳಿದು ಬಂದರು. ಕೆಲಸವಾಗಬೇಕಾದರೆ ಕತ್ತೆಯ ಕಾಲನ್ನೂ ಹಿಡಿಯಬೇಕಂತೆ. ಕತ್ತೆ ಅಲ್ಲೇ ಕತ್ತರಿ ಎಣಿಸುತ್ತಿತ್ತು.

"ನಾಳೆಯಿಂದ ಮೇಲೆ ಬಂದ್ಬಿಡಮ್ಮಾ. ನಿನ್ನಂಥ ಸೀನಿಯರ್ ಬೇಕು."

ನನಗೆ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

"ನೈಟ್ ಮಾತ್ರ. ಈ ತಿಂಗಳು ಪೂರ್ತಿ."

"ಮೇಡಂ, ನಿದ್ದೆಗೆಟ್ರೆ ನಂಗೆ ಕಾಯಿಲೆ ಮರುಕಳಿಸುತ್ತೆ. ಹಗಲು ಕೊಡಿ, ಎಷ್ಟು ಬೇಕಾದ್ರೂ ಮಾಡ್ತೀನಿ."

"ಅಯ್ಯೋ, ಮಾತ್ರೆ ತಗೊಳ್ತೀಯ ತಾನೆ? ನೋಡಕ್ಕೆ ನಲ್ಲಾ, ಚೆನ್ನಾಗೇ ಇದ್ದೀಯ."

ಯಾವ ಮಾತ್ರೆ ನುಂಗುತ್ತೇನೆಂದು ನನ್ನನ್ನು ಕೆಳಗೆ ತಳ್ಳಿದ್ದರೋ ಅದೇ ಮಾತ್ರೆ ಈಗ ನನ್ನ ಯೋಗ್ಯತೆ! ಅವರ ಮುಖ ನೋಡಿ ನನಗೆ ಹೇಸಿಗೆಯಾಯಿತು.

"ಬರಲ್ಲ ಮೇಡಂ."

"ಹಾಗಾದ್ರೆ ಇಲ್ಲೇ ಇರು. ಇನ್ಮೇಲೆ ಐಸಿಯು ಬೇಕೂಂತ ನನ್ ಹತ್ರ ಬರ್ಬೇಡ."

ಮನೆಗೆ ಬಂದು, ಊಟ ಮಾಡಿ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ ಮಲಗಿದೆ. ಐಸಿಯು ಇನ್ನು ನನ್ನದಲ್ಲವೆಂದು ಅತ್ತೆ. ಆಮೇಲೆ ನಿದ್ದೆ ಬಂತು.