ಮೀಟರ್ ನಂಬಿ ಕೆಡಿಸಿದ ಬೆಲ್ಟು

ಹಳೇ ವ್ಯಾನೊಂದನ್ನು ಕೊಂಡು ಹರಪನಹಳ್ಳಿಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದೆ. ನನಗೆ ಬರುತ್ತಿದ್ದ ಕೆಲಸ ಅದೊಂದೇ. ಮುಂದೆ ಮಾರುವಾಗ ಗಾಡಿ ಕಡಿಮೆ ಓಡಿದಂತೆ ಕಾಣಲೆಂದು, ಉಳಿದ ಚಾಲಕರಂತೆ ನಾನೂ ಮೀಟರಿನ ಕೇಬಲ್ ಬಿಚ್ಚಿದ್ದೆ. ಎರಡು ವರ್ಷದಿಂದ ಮೀಟರು ನಲವತ್ತು ಸಾವಿರ ಕಿಲೋಮೀಟರಿನಲ್ಲೇ ನಿಂತಿತ್ತು.

ಒಮ್ಮೆ ಮೆಕ್ಯಾನಿಕ್ ಚಾಚಾ ಮುಚ್ಚಳ ತೆಗೆದು ನೋಡಿದರು. "ಟೈಮಿಂಗ್ ಬೆಲ್ಟ್ ಬಿರುಕು ಬಿಟ್ಟೈತಿ, ಬದಲು ಮಾಡಿಸು. ಹರಿದ್ರ ಇಂಜಿನ್ನ ಹಾಳಾಗಿ ಹೋಕ್ಕತಿ."

"ಅರವತ್ತು ಸಾವಿರಕ್ಕ ಬದಲಿಸ್ರಿ ಅಂತ ಪುಸ್ತಕದಾಗ ಐತಿ ಚಾಚಾ. ಮೀಟರ್ ನೋಡ್ರಿ, ಇನ್ನೂ ಬಾಳ ಐತಿ."

"ಕೇಬಲ್ ಬಿಚ್ಚಿದಾವ ನೀನ ಅಲ್ಲೇನಲೇ?"

ಗಾಡಿ ಕೊಳ್ಳುವವನಿಗೆಂದು ಕಟ್ಟಿದ ಸುಳ್ಳನ್ನು ಮೊದಲು ನಂಬಿದವನು ನಾನೇ.

ಬೆಲ್ಟ್ ಬದಲಿಸದೆಯೇ ಓಡಿಸುತ್ತಿದ್ದೆ. ಒಂದು ದಿನ ಅರಸೀಕೆರೆ ದಾಟುವಾಗ ಟಪ್ಪೆಂದಿತು, ಬೆಲ್ಟ್ ಹರಿದು ಇಂಜಿನ್ ನಿಂತಿತು. ಮದುವೆಗೆ ಹೊರಟವರು ನನ್ನನ್ನು ಬೈಯುತ್ತಾ ಲಾರಿ ಹತ್ತಿದರು. ಇಂಜಿನ್ ಬಿಚ್ಚಿದ ಚಾಚಾ, ಬಾಗಿದ ವಾಲ್ವುಗಳನ್ನು ನನ್ನ ಅಂಗೈಯಲ್ಲಿಟ್ಟು, "ಪಿಸ್ಟನ್ನೂ ಒಡದಾವ. ಇದು ಇನ್ನ ಏಳಂಗಿಲ್ಲಪ್ಪ, ಬೇರೆ ಕೆಲಸ ನೋಡ್ಕೊ," ಎಂದರು.

ಮರುದಿನ ಕಾಲುಗಳು ತಾವಾಗಿಯೇ ನಾನು ಬಾಡಿಗೆಗೆ ಗಾಡಿ ನಿಲ್ಲಿಸುತ್ತಿದ್ದ ಬಸ್‌ಸ್ಟ್ಯಾಂಡಿಗೆ ನಡೆದವು. ಯಜಮಾನರೊಬ್ಬರು ಬಂದು, "ಹಗರಿಬೊಮ್ಮನಹಳ್ಳಿಗೆ ಬರ್ತೀಯೇನಪ್ಪ?" ಎಂದರು.

ರೂಢಿಯಂತೆ, "ಬರ್ರಿ, ಕುಂದರ್ರಿ," ಎಂದುಬಿಟ್ಟೆ. ಅವರು ಚೀಲ ಎತ್ತಿಕೊಂಡು ನನ್ನ ಹಿಂದೆ ಮುಂದೆ ಗಾಡಿ ಹುಡುಕತೊಡಗಿದರು.