ಗೌರಿಯ ತೋರಣಕ್ಕೆ ನಾನು ಹಾಕಿದ ಸೋಡಾ

ರತ್ನಾ, ಗೌರಿಯ ತೋರಣ ಕೆಂಪಾದದ್ದು ನಿನ್ನವ್ವನ ಕೈ ತಾಗಿ ಅಲ್ಲ. ನಾನು ಅದನ್ನು ಒಗೆಯುವ ಸೋಡಾದ ನೀರಿನಲ್ಲಿ ಅದ್ದಿದ್ದೆ. ಅದ್ದಿ — ಅದ್ದಿಲ್ಲ ಎಂದು ನಿನ್ನವ್ವನ ಮುಖ ನೋಡಿಕೊಂಡೇ ಹೇಳಿದೆ.

ಈ ಮೂರು ಸಾಲು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು — “ಸೋಮವಾರ ಕೂಸಿಗೆ ಹೆಸರಿಡುವುದಿದೆ, ತೊಟ್ಟಿಲಿಗೆ ಹಾಕಲು ಚಿಕ್ಕವ್ವ ನೀವೇ ಬರಬೇಕು, ನಿಮ್ಮ ಕೈ ಒಳ್ಳೆಯದು” ಎಂದು ಬರೆದಿದ್ದೀಯ. ನನ್ನ ಕೈ ಒಳ್ಳೆಯದು! ಆ ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಆಗ ನಿನಗೆ ಹದಿನೆಂಟು. ಗೋವಿನಕೋವಿ ಊರಿನ ಸಂಬಂಧ ಗಟ್ಟಿಯಾಗಿತ್ತು. ಗೌರಿ ಹುಣ್ಣಿಮೆಗೆ ಬೀಗರು ನಿನಗೆ ಸಕ್ಕರೆ ಅಚ್ಚಿನ ಆರತಿ ತರುವವರಿದ್ದರು. ನಿನ್ನಪ್ಪ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ನಿನ್ನ ಧಾರೆ ಯಾರು ಎರೆಯಬೇಕು ಎಂಬ ಮಾತು ಬಂದಾಗ ಮಾವ, ನಿನ್ನ ತಾತ, ಒಂದೇ ಏಟಿಗೆ ಹೇಳಿಬಿಟ್ಟಿದ್ದರು: “ಹೆತ್ತಾಕಿ ಇರುವಾಗ ಇನ್ನೊಬ್ರು ಯಾಕೆ? ನನ್ ಹಿರೇಸೊಸೀನೇ ಎರೀತಾಳೆ. ಹಣೆ ಮ್ಯಾಲೆ ಇಭೂತಿ ಐತೆ, ಅಷ್ಟು ಸಾಕು.” ಅತ್ತೆಗೆ ಒಪ್ಪಿಗೆ ಇರಲಿಲ್ಲ. ಮಾವನ ಎದುರು ಮಾತಾಡುವ ಹಾಗೂ ಇರಲಿಲ್ಲ. ಅಕ್ಕ — ನಿನ್ನವ್ವನನ್ನು ನಾನು ಕರೆಯುತ್ತಿದ್ದದ್ದೇ ಅಕ್ಕ ಎಂದು — ಆ ದಿನ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಸುಮ್ಮನೆ ನಗುತ್ತಿದ್ದರು. ಅವರು ಹಾಗೆ ನಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ತೋರಣ ಹೆಣೆದವರು ಅವರೇ. ಮದುವೆಯಾಗಿ ಬಂದ ವರ್ಷ, ಬಿಳಿ ನೂಲಿನಲ್ಲಿ, ಕ್ರೋಶಾ ಕಡ್ಡಿ ಹಿಡಿದು — ಸಾಲಾಗಿ ಗಿಳಿಗಳು, ಗಿಳಿಗಳ ನಡುವೆ ಮಾವಿನ ಎಲೆ. ಅವರು ವಿಧವೆಯಾದ ಮೇಲೆ ಅದನ್ನು ಕಟ್ಟುವ ಕೆಲಸ ನನಗೆ ಬಂತು. ಪ್ರತಿ ವರ್ಷ ಹಬ್ಬ ಮುಗಿದ ಮೇಲೆ ಅತ್ತೆ ಅದಕ್ಕೆ ಒಂದು ಹಿಡಿ ಅರಿಶಿನ ಉದುರಿಸಿ ಟ್ರಂಕಿಗೆ ಹಾಕುತ್ತಿದ್ದರು; ಮಂಗಳದ ವಸ್ತುವನ್ನು ಬರಿದೇ ಇಡಬಾರದು, ಹುಳವೂ ಹಿಡಿಯುವುದಿಲ್ಲ ಎಂದು. ಹಾಗಾಗಿ ಬಿಳಿ ಗಿಳಿಗಳೆಲ್ಲ ಹಳದಿ ಕಾಮಾಲೆ ಹಿಡಿದವರಂತೆ ಆಗಿದ್ದವು. ಬೀಗರು ಬರುವ ಮೊದಲು ಅದನ್ನು ಬೆಳ್ಳಗೆ ಮಾಡು ಎಂದು ಅತ್ತೆ ಗಂಟನ್ನು ನನ್ನ ಕೈಗೆ ಕೊಟ್ಟರು.

ಹಿತ್ತಿಲಲ್ಲಿ ಗಂಟು ಬಿಚ್ಚಿದಾಗ ಅಕ್ಕ ಅಲ್ಲೇ ಇದ್ದರು. ಒಂದು ಗಿಳಿಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಅಷ್ಟೇ — ಅಷ್ಟೇ ಮುಟ್ಟಿದ್ದು. “ತಂಗಿ, ಅಂಟವಾಳದ ನೊರೆಯಾಗೆ ನೆನೆಹಾಕು. ಎರಡು ದಿನ ಬಿಸ್ಲಾಗೆ ಹಾಕಿದ್ರೆ ತಾನೇ ಬೆಳ್ಳಗಾಗತೈತೆ. ಸೋಡಾ ಮಾತ್ರ ಹಾಕಬ್ಯಾಡ, ಅರಿಶಿನ ಐತೆ ಅದ್ರಾಗೆ,” ಎಂದು ಹೇಳಿ ಕಾಯಿ ತರಲು ಒಳಗೆ ಹೋದರು.

ನನಗೆ ಸಿಟ್ಟು ಬಂತು. ಯಾಕೆ ಎಂದು ಈಗ ನೆಟ್ಟಗೆ ಹೇಳುತ್ತೇನೆ. ಆ ಮನೆಯಲ್ಲಿ ಏನು ಮಾಡಿದರೂ “ಹಿರೇಸೊಸಿ ಕೈಗುಣ” ಎನ್ನುತ್ತಿದ್ದರು. ತವರು ನಲ್ಲೂರಿನಿಂದ ಬರುವಾಗ ನಾನೂ ಪ್ಲಾಸ್ಟಿಕ್ ವೈರು, ಮಣಿ ಸೇರಿಸಿ ಒಂದು ತೋರಣ ಮಾಡಿ ತಂದಿದ್ದೆ. ಅತ್ತೆ ಅದನ್ನು ಬಚ್ಚಲ ಬಾಗಿಲಿಗೆ ಕಟ್ಟಿಸಿದ್ದರು. ಈಗ ಬಟ್ಟೆ ಒಗೆಯುವುದನ್ನೂ ಇವರಿಂದ ಕಲಿಯಬೇಕೇ ಎನ್ನಿಸಿತು. ಎರಡು ದಿನವಂತೆ! ಬಿಸಿನೀರಿಗೆ ನಾಲ್ಕು ಚಮಚ ಸೋಡಾ ಸುರಿದು ತೋರಣವನ್ನು ಅದ್ದಿದೆ.

ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೀರು ರಕ್ತದ ಹಾಗೆ ಆಯಿತು. ಗಿಳಿಗಳೆಲ್ಲ ಕೆಂಪು.

ನನಗೆ ಗೊತ್ತಿರಲಿಲ್ಲವೇ, ರತ್ನಾ? ಆರತಿ ತಟ್ಟೆಗೆ ಅರಿಶಿನ, ಸುಣ್ಣ ಕದಡಿ ಕೆಂಪುನೀರು ಮಾಡಿದ ಕೈ ಇದು. ಸುಣ್ಣ ಮಾಡಿದ್ದನ್ನೇ ಸೋಡಾ ಮಾಡಿದೆ ಎಂದು ಆ ಕ್ಷಣವೇ ಹೊಳೆಯಿತು. ಆದರೆ ಹಿಂದೆಯೇ ಅತ್ತೆಯ ಕೂಗು — “ಅಯ್ಯೋ ಶಿವನೇ, ರಕ್ತ! ಗೌರಿ ತೋರಣ ರಕ್ತ ಆತಲ್ಲೇ! ಯಾರು ಮುಟ್ಟಿದ್ರೇ ಇದನ್ನ?”

ಸೋಡಾದ ಪೊಟ್ಟಣವನ್ನು ಕಾಲಲ್ಲಿ ಸೌದೆಯ ಕೆಳಗೆ ತಳ್ಳಿದೆ. ಆಮೇಲೆ ಹೇಳಿದೆ: “ಅಕ್ಕ ಒಂಚೂರು ಕೈಯಾಗೆ ಹಿಡಿದಿದ್ರು, ಅಷ್ಟೇ ಅತ್ತೆ.”

ಅಷ್ಟೇ! ಸುಳ್ಳಲ್ಲ ಅದು, ನೋಡು. ಅವರು ಹಿಡಿದದ್ದು ನಿಜ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಆಡಿದ ಆ ಮಾತನ್ನು ನಾನು ಸುಳ್ಳಲ್ಲ, ಸುಳ್ಳಲ್ಲ ಎಂದು ಎಷ್ಟು ವರ್ಷ ಸಮಾಧಾನ ಮಾಡಿಕೊಂಡೆನೋ.

ಅಕ್ಕ ಅಂಟವಾಳದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಅಳಲಿಲ್ಲ, ಜಗಳ ಮಾಡಲಿಲ್ಲ. ನನ್ನನ್ನು ಒಂದೇ ಮಾತು ಕೇಳಿದರು: “ಸೋಡಾ ಏನಾರ ಹಾಕಿದ್ಯಾ ತಂಗಿ?” ಬೈಯುವ ದನಿಯಲ್ಲ. ಹೌದು ಎಂದು ಬಿಡು, ನಾನು ಹೆಂಗಾದರೂ ನಿಭಾಯಿಸುತ್ತೇನೆ ಎನ್ನುವ ದನಿ.

“ಇಲ್ಲಕ್ಕ. ಬರೀ ಬಿಸಿನೀರು.”

ಆಗ ಅವರು ತಮ್ಮ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡರು. ನನ್ನ ಮಾತನ್ನು ಅವರು ನಂಬಿದ್ದರು. ಸೋಡಾ ಇಲ್ಲವಾದರೆ ಮತ್ತೇನು — ತನ್ನ ಕೈಯೇ ಇರಬೇಕು. ಅತ್ತೆ ಅಂದದ್ದು, ಊರು ಅನ್ನುವುದು, ಎಲ್ಲ ನಿಜವೇ ಇರಬೇಕು...

ತೋರಣವನ್ನು ಹೊಳೆಗೆ ಬಿಟ್ಟು ಬಾ ಎಂದು ಅತ್ತೆ ನನ್ನನ್ನೇ ಕಳಿಸಿದರು. ದೃಷ್ಟಿಗೆಂದು ಜೊತೆಗೆ ಒಂದು ನಿಂಬೆಹಣ್ಣು ಕೊಟ್ಟಿದ್ದರು. ಹೊಳೆಯ ದಂಡೆಯಲ್ಲಿ ಕೂತು ಆ ಹಣ್ಣನ್ನು ಹಲ್ಲಿನಲ್ಲಿ ಕಚ್ಚಿ ಒಂದು ಗಿಳಿಯ ಮೇಲೆ ಹಿಂಡಿದೆ. ಕೆಂಪು ಹೋಗಿ ಮತ್ತೆ ಹಳದಿಯಾಯಿತು. ಎರಡನೆಯದಕ್ಕೆ ಹಿಂಡಿದೆ, ಅದೂ ಹಳದಿ. ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಓಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಬ್ಬಬ್ಬಾ ಎಂದರೆ ಅತ್ತೆಯಿಂದ ಎರಡು ಬೈಗುಳ ತಿನ್ನುತ್ತಿದ್ದೆ. ಎರಡು ಬೈಗುಳ! ನಾನು ಎದ್ದು ನಿಂತು ತೋರಣವನ್ನು ನೀರಿಗೆ ಬಿಟ್ಟೆ. ಗಾಬರಿಯಲ್ಲಿ ಬಾಯಿ ತಪ್ಪಿತು ಎಂದು ಮೊದಲಿನ ಮಾತಿಗೆ ಹೇಳಬಹುದು. ಇದಕ್ಕೆ ಏನು ಹೇಳಲಿ? ಯಾರೂ ಕೂಗುತ್ತಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಯೋಚನೆ ಮಾಡಿಯೇ ಬಿಟ್ಟೆ.

ಹುಣ್ಣಿಮೆಯ ದಿನ ಮುಂಬಾಗಿಲಿಗೆ ಕಟ್ಟಿದ್ದು ಬಚ್ಚಲ ಬಾಗಿಲಿನ ನನ್ನ ಪ್ಲಾಸ್ಟಿಕ್ ತೋರಣ. ಬೀಗರ ಜೊತೆ ಬಂದ ನಿನ್ನತ್ತೆ ಅದನ್ನು ನೋಡಿ “ಚೆಂದ ಐತ್ರಿ, ಯಾರು ಮಾಡಿದ್ದು?” ಎಂದರು. ನಾನು ನಕ್ಕೆ. ನಿಜವಾಗಿಯೂ ಖುಷಿಯಾಗಿತ್ತು ನನಗೆ, ಥೂ.

ಮಾವ ಮಾತ್ರ ಬಿಟ್ಟಿರಲಿಲ್ಲ. ತೋರಣ ಕೆಂಪಾದರೆ ಸೊಸೆ ಯಾಕೆ ಹಿಂದೆ ನಿಲ್ಲಬೇಕು, ಧಾರೆ ಅವಳೇ ಎರೆಯಲಿ ಎಂದು ಪಟ್ಟು ಹಿಡಿದರು. ಬೇಡ ಎಂದವರು ಅಕ್ಕನೇ. “ಬ್ಯಾಡ್ರಿ ಮಾವ. ನನ್ ಮಗಳ ಬಾಳುವೆ ಐತೆ. ನನ್ ಕೈ ಬ್ಯಾಡ.” ಹೆತ್ತವಳೇ ಹಾಗೆಂದ ಮೇಲೆ ಅವರಾದರೂ ಏನು ಮಾಡಿಯಾರು. ನಿನ್ನ ಧಾರೆಗೆ ನಾನೂ ನಿನ್ನ ಚಿಕ್ಕಪ್ಪನೂ ಕೂತೆವು. ನೀರು ಎರೆಯುವಾಗ ಅರ್ಧದಷ್ಟನ್ನು ಹೊರಗೆ ಚೆಲ್ಲಿದೆ. ಮಗಳನ್ನು ಕೊಡುವ ಸಂಕಟ ಎಂದು ಎಲ್ಲರೂ ಅಂದುಕೊಂಡರು, ನೀನೂ ನನ್ನ ತೋಳು ಹಿಡಿದುಕೊಂಡೆ. ಅಕ್ಕ ಅಕ್ಕಿ ಮೂಟೆಗಳಿದ್ದ ಕೋಣೆಯಲ್ಲಿ ಕೂತಿದ್ದರು. ನಿನ್ನ ಮದುವೆಯಾದ ತಿಂಗಳಿಗೆ ಜಗಲೂರು ಕಡೆಯ ಸೊಕ್ಕೆಗೆ, ತಮ್ಮನ ಮನೆಗೆ ಹೋದವರು ಮತ್ತೆ ನಮ್ಮ ಹೊನ್ನಾಳಿಗೆ ಬಂದು ಉಳಿಯಲಿಲ್ಲ. ಯಾರೂ ಕಳಿಸಲಿಲ್ಲ. ತಾವೇ ಹೋದರು.

ನಿನ್ನ ಹಿರಿಮಗಳಿಗೆ ಹೆಸರಿಟ್ಟ ದಿನ ನೆನಪಿದೆಯೇ? ಅಕ್ಕ ಜಗಲೂರಿನ ಬಸ್ಸಿಳಿದು ಬಂದು ಹೊಸ್ತಿಲಾಚೆಯೇ ನಿಂತರು. ನೀನು ಅವರನ್ನು ನೋಡಿದೆ, ಕೂಸನ್ನು ನೋಡಿದೆ, ಆಮೇಲೆ — ಕೂಸನ್ನು ನನ್ನ ಕೈಗೆ ಕೊಟ್ಟೆ. ನಿನ್ನ ಕಣ್ಣಲ್ಲಿ ಹೆದರಿಕೆ ಇತ್ತು. ಹೆತ್ತ ತಾಯಿಯ ಕೈ ಕಂಡರೆ ಮಗಳಿಗೆ ಹೆದರಿಕೆ. ಅದನ್ನು ನಿನ್ನೊಳಗೆ ಇಟ್ಟವಳು ನಾನು, ಅದಕ್ಕಾಗಿ ನೀನು ನಿನ್ನನ್ನು ಬೈದುಕೊಳ್ಳಬೇಡ. ಬೈಯುವುದಿದ್ದರೆ ನನ್ನನ್ನು ಬೈ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಕೇಳುವ ಮುಖ ನನಗಿಲ್ಲ. ಅಕ್ಕನಿಗೆ ಓದು ಬರದು. ಇನ್ನೊಬ್ಬರು ಓದಿ ಹೇಳುವ ಮಾತೂ ಇದಲ್ಲ. ನಾಳೆ ಬೆಳಿಗ್ಗೆ ಸೊಕ್ಕೆಗೆ ಹೋಗುತ್ತೇನೆ, ಬಾಯಿಂದಲೇ ಹೇಳುತ್ತೇನೆ. ಅವರು ಉಗಿದರೆ ಒರೆಸಿಕೊಳ್ಳುತ್ತೇನೆ. ಹೋಗಲಿ ಬಿಡು ತಂಗಿ ಎಂದುಬಿಟ್ಟರೆ ಏನು ಮಾಡುವುದು, ಅದೇ ನನಗೆ ಹೆಚ್ಚು ಭಯ.

ಸೋಮವಾರ ನಾನು ತೊಟ್ಟಿಲ ಹತ್ತಿರ ಬರುವುದಿಲ್ಲ. ನಿನ್ನವ್ವನನ್ನು ಒಳಗೆ ಕರೆ. ಅವರು ತಾವಾಗಿ ಒಳಗೆ ಬರಲಿಕ್ಕಿಲ್ಲ, ರತ್ನಾ, ಒಂಬತ್ತು ವರ್ಷ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡವರು. ನೀನೇ ಹೊಸ್ತಿಲು ದಾಟಿ ಹೋಗಿ, ಕೇಳದೆ, ಕೂಸನ್ನು ಆ ಕೈಯಲ್ಲಿ ಇಟ್ಟುಬಿಡು.